ಇನ್‌ವಾಲಂಟರಿ ಸರ್ವಿಟ್ಯೂಡ್ ಅಂದ್ರೆ ಏನಮ್ಮಾ?

2024ರ ಅಕ್ಟೋಬರ್ ಪೂರ್ತಿ ನಾನು ಸಂಜೆ ಹೊತ್ತು ಫೋನ್ ಹಿಡಿದು ಕೂರುತ್ತಿದ್ದೆ. ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 6ಕ್ಕೆ ಮತ ಕೇಳುವ ಕೆಲಸ. ಕೈದಿಗಳಿಂದ ಬಲವಂತವಾಗಿ ದುಡಿಸುವುದು ನಿಲ್ಲಬೇಕು ಅನ್ನುವ ಸಂವಿಧಾನ ತಿದ್ದುಪಡಿ ಅದು, ಜನರೇ ಮತ ಹಾಕಿ ತೀರ್ಮಾನಿಸಬೇಕಿತ್ತು. ಸಂಬಳ ಇರಲಿಲ್ಲ. ಆದರೆ ಮಾಡಲೇಬೇಕು ಅಂತ ಯಾರೂ ಹೇಳಿರಲಿಲ್ಲ. ಬೇಡ ಅನ್ನಿಸಿದ ದಿನ ಎದ್ದು ಹೋಗಬಹುದಿತ್ತು.

ಜೈಲಿನಲ್ಲಿರುವವರಿಗೆ ಅದು ಆಗಲ್ಲ. 1865ರಲ್ಲಿ ಅಮೆರಿಕದ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂದು ಗುಲಾಮಗಿರಿ ಹೋಯಿತು ಅಂತ ಎಲ್ಲರೂ ಓದಿರುತ್ತೇವೆ. ಅದರೊಳಗೇ ಒಂದು ವಿನಾಯಿತಿ ಇದೆ: ಅಪರಾಧಕ್ಕೆ ಶಿಕ್ಷೆಯಾದವರನ್ನು ಬಿಟ್ಟು. ಕ್ಯಾಲಿಫೋರ್ನಿಯಾದ ಸ್ವಂತ ಸಂವಿಧಾನದಲ್ಲೂ ಅಂಥದ್ದೇ ಮಾತು. ಹಾಗಾಗಿ ಇಲ್ಲಿ ಕೈದಿ ಕೊಟ್ಟ ಕೆಲಸ ಮಾಡಲ್ಲ ಅಂದರೆ ಮನೆಗೆ ಫೋನ್ ಮಾಡುವ ಅವಕಾಶ ಹೋಗಬಹುದು, ಬಿಡುಗಡೆಯ ದಿನವೂ ಮುಂದಕ್ಕೆ ಹೋಗಬಹುದು. ಕೂಲಿ ಬಹುತೇಕ ಕೆಲಸಗಳಿಗೆ ಗಂಟೆಗೆ 16ರಿಂದ 74 ಸೆಂಟ್. ಅದೂ ಆ ವರ್ಷ ದುಪ್ಪಟ್ಟು ಮಾಡಿದ ಮೇಲೆ!

ನನ್ನ ಮೊದಲ ವಾರ ಹಾಳಾಯಿತು. ಎಲ್ಲರಿಗೂ 1865ರಿಂದ ಕಥೆ ಶುರು ಮಾಡುತ್ತಿದ್ದೆ. ಲಿಂಕನ್ ಹೆಸರು ಬರುವ ಹೊತ್ತಿಗೆ ಫೋನ್ ಕಟ್. ಇಲ್ಲಿ ಬ್ಯಾಲೆಟ್, ಅಂದರೆ ಮತಪತ್ರ, ಅಂಚೆಯಲ್ಲಿ ಮನೆಗೇ ಬರುತ್ತದೆ. ಜನ ಅದನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ತುಂಬುತ್ತಾರೆ. ಆ ಸಲ ರಾಜ್ಯದ್ದೇ 10 ಪ್ರಶ್ನೆಗಳಿದ್ದವು. ಆಮೇಲೆ ನಾನು ಕಥೆ ಬಿಟ್ಟು, "ಬ್ಯಾಲೆಟ್ ತೆಗೀರಿ, ಆರನೇ ನಂಬರಿನದನ್ನು ಒಟ್ಟಿಗೆ ಓದೋಣ" ಅನ್ನತೊಡಗಿದೆ.

ಓದಿದಾಗಲೇ ನಿಜವಾದ ತೊಂದರೆ ಗೊತ್ತಾಗಿದ್ದು. ಅಲ್ಲಿ ಗುಲಾಮಗಿರಿ ಅನ್ನುವ ಪದವೇ ಇರಲಿಲ್ಲ. ಬರೀ 'ಇನ್‌ವಾಲಂಟರಿ ಸರ್ವಿಟ್ಯೂಡ್'. ಇಂಗ್ಲಿಷ್‌ನಲ್ಲೇ ಹುಟ್ಟಿ ಬೆಳೆದವರೂ "ವಾಟ್?" ಅನ್ನುತ್ತಿದ್ದರು. ಫ್ರೀಮಾಂಟ್‌ನ ಒಬ್ಬರು ಹಿರಿಯರು, ನಮ್ಮ ಹಾಸನದ ಕಡೆಯವರು, "ಇದೇನಮ್ಮಾ ಇದು?" ಅಂದರು. "ಬಿಟ್ಟಿ ಚಾಕರಿ ಅಂಕಲ್" ಅಂದೆ. "ಓ, ಜೀತ ಅನ್ನು!" ಒಂದೇ ಕ್ಷಣ. ಇಂಗ್ಲಿಷ್‌ನಲ್ಲಿ ಹತ್ತು ನಿಮಿಷ ಹಿಡಿಯುತ್ತಿದ್ದ ಮಾತು.

ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. "ನಮ್ಮ ಕಡೆನೂ ಕಠಿಣ ಸಜೆ ಇದೆಯಲ್ಲ? ಅದನ್ನ ಯಾರು ಕೇಳ್ತಾರೆ?" ಹೌದು, ಇದೆ. ನಮ್ಮ ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ಆದರೂ ಕಠಿಣ ಸಜೆಯವರಿಂದ ಕೆಲಸ ಮಾಡಿಸಬಹುದು, ನ್ಯಾಯವಾದ ಕೂಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತ್ತು. ನಾನು ಫೋನ್ ಮಾಡುತ್ತಿದ್ದ 2024ರ ಅಕ್ಟೋಬರ್‌ನಲ್ಲೇ, 3ರಂದು, ಜೈಲಿನಲ್ಲಿ ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುವುದು ಅಸಾಂವಿಧಾನಿಕ ಅಂತಲೂ ತೀರ್ಪು ಬಂದಿತ್ತು. ಎರಡನ್ನೂ ಹೇಳಿದೆ. "ಅಂದ್ರೆ ನಮ್ಮದೂ ಪೂರ್ತಿ ಸರಿ ಹೋಗಿಲ್ಲ" ಅಂದರು. ನಾನು ವಾದ ಮಾಡಲಿಲ್ಲ.

ಕನ್ನಡದವರಿಂದ ಜಾಸ್ತಿ ಬಂದ ಪ್ರಶ್ನೆ ಬೇರೆ: "ಕೊಲೆ ಮಾಡಿದೋನಿಗೆ ನನ್ನ ಟ್ಯಾಕ್ಸ್‌ನಲ್ಲಿ ಪೂರ್ತಿ ಸಂಬಳ ಕೊಡಬೇಕಾ?" 2022ರಲ್ಲಿ ಇಲ್ಲಿ ಇಂಥದ್ದೇ ತಿದ್ದುಪಡಿ ಈ ಲೆಕ್ಕಕ್ಕೇ ಸಿಕ್ಕಿ ಸೋತಿತ್ತು. ಕನಿಷ್ಠ ಕೂಲಿ ಕೊಡಬೇಕಾಗಿ ಬಂದರೆ ವರ್ಷಕ್ಕೆ 150 ಕೋಟಿ ಡಾಲರ್ ಆದೀತು ಅಂತ ರಾಜ್ಯದ ಹಣಕಾಸು ಇಲಾಖೆ ಹೆದರಿಸಿತ್ತು. ಪ್ರೊಪೊಸಿಷನ್ 6ರಲ್ಲಿ ಕೂಲಿಯ ಮಾತೇ ಇರಲಿಲ್ಲ. ಕೆಲಸ ಒಲ್ಲೆ ಅಂದವರಿಗೆ ಶಿಕ್ಷೆ ಕೊಡಬೇಡಿ, ಅಷ್ಟೇ. ಅಡುಗೆಮನೆ ಪಾಳಿ ಬಿಟ್ಟು ಓದಿನ ಕ್ಲಾಸಿಗೆ ಹೋಗಬೇಕು ಅನ್ನುವವನಿಗೆ ಹೋಗಲು ಬಿಡಿ. ಇದನ್ನು ಹೀಗೆ ಹೇಳಿದಾಗ ಅರ್ಧ ಜನ ಒಪ್ಪುತ್ತಿದ್ದರು. ಉಳಿದ ಅರ್ಧದವರ ಸಿಟ್ಟು ಕಳ್ಳತನದ ಮೇಲಿತ್ತು, ಸಂವಿಧಾನದ ಮೇಲಲ್ಲ. ಅದೇ ಬ್ಯಾಲೆಟ್‌ನಲ್ಲಿ ಕಳ್ಳತನಕ್ಕೆ ಶಿಕ್ಷೆ ಹೆಚ್ಚಿಸುವ 36ನೆಯದೂ ಇತ್ತಲ್ಲ. ಅದು ಸುಲಭವಾಗಿ ಗೆದ್ದಿತು.

ನಾವು ಸೋತೆವು. ಸುಮಾರು ಶೇ. 53 ಮಂದಿ ಬೇಡ ಅಂದರು. ನಮ್ಮ ವಿರುದ್ಧ ಹಣ ಸುರಿದವರಿಲ್ಲ, ರಾಜ್ಯದ ಮತದಾರರ ಕೈಪಿಡಿಯಲ್ಲಿ ವಿರೋಧದ ವಾದವನ್ನೂ ಯಾರೂ ಬರೆದಿರಲಿಲ್ಲ. ಎದುರಾಳಿ ಇಲ್ಲದೆ ಸೋಲೋದು ಅಂದ್ರೆ ಇದೇ. ಅದೇ ದಿನ ಪಕ್ಕದ ನೆವಾಡಾದಲ್ಲಿ ಇದೇ ವಿಷಯ ಶೇ. 60ರಷ್ಟು ಮತ ಪಡೆದು ಗೆದ್ದಿತು. ಅಲ್ಲಿನ ಬ್ಯಾಲೆಟ್‌ನಲ್ಲಿ 'ಗುಲಾಮಗಿರಿ' ಅನ್ನುವ ಪದ ನೇರವಾಗಿ ಇತ್ತು. ಸೋಲಿಗೆ ಅದೊಂದೇ ಕಾರಣ ಅನ್ನಲಾರೆ. ಆದರೆ ಕೊಲರಾಡೋ 2016ರಲ್ಲಿ ಗೊಂದಲದ ಮಾತಿನಿಂದ ಕೂದಲೆಳೆಯಲ್ಲಿ ಸೋತು, 2018ರಲ್ಲಿ ಸರಳ ಮಾಡಿ ಬರೆದು ದೊಡ್ಡದಾಗಿ ಗೆದ್ದಿದ್ದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಸಾಲನ್ನು ಬದಲಿಸುವುದು ನಮ್ಮ ಕೈಯಲ್ಲಿರಲಿಲ್ಲ. ಪದ ಬದಲಾದರೆ ಮುಗಿಯಿತು ಅಂತಲೂ ಅಲ್ಲ. ಗೆದ್ದ ಕೊಲರಾಡೋದಲ್ಲೇ 2022ರಲ್ಲಿ ಕೈದಿಗಳು, ಇನ್ನೂ ಬಲವಂತ ಮಾಡುತ್ತಿದ್ದಾರೆ ಅಂತ ಕೋರ್ಟಿಗೆ ಹೋಗಬೇಕಾಯಿತು.

ಫಲಿತಾಂಶ ಬಂದ ಮೇಲೆ ಆ ಅಂಕಲ್ ಫೋನ್ ಮಾಡಿದರು. "ನಾನು ಹಾಕಿದೆ ಕಣಮ್ಮಾ. ನಮ್ಮ ಸೊಸೆ ಮಾತ್ರ ಆ ಪ್ರಶ್ನೆ ಅರ್ಥ ಆಗಲಿಲ್ಲ ಅಂತ ಖಾಲಿ ಬಿಟ್ಟಳಂತೆ."