ಐಸ್ ಹಾಕದೆ ಕಳಿಸಿದ ಪೆಟ್ಟಿಗೆ

ಬಳ್ಳಾರಿ, ರಾಯಚೂರು ಕಡೆಯ ಹೆರಿಗೆಗಳಿಂದ ಹೊಕ್ಕುಳಬಳ್ಳಿ ರಕ್ತ ತೆಗೆದು, ಅದರ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಕಾಪಿಡುವ ಬೆಂಗಳೂರಿನ ಬ್ಯಾಂಕಿಗೆ ಕಳಿಸೋದು ನನ್ನ ಕೆಲಸ. ಈ ಬೇಸಿಗೆಯಲ್ಲಿ ಬಿಸಿ ಜಾಸ್ತಿ ಆಯ್ತು ಅಂತ ಒಂದು ಬ್ಯಾಗೂ ರಿಜೆಕ್ಟ್ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಬೇಸಿಗೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ. "ತಮ್ಮಾ, ರಕ್ತ ಅಂದ್ಮೇಲೆ ಐಸ್ ಬೇಕೇ ಬೇಕು" ಅಂದರು ಸೀನಿಯರ್ ಒಬ್ಬರು. ಲಸಿಕೆ ಪೆಟ್ಟಿಗೆ ಥರ ಐಸ್ ಪ್ಯಾಕ್ ತುಂಬಿದೆ. ಲ್ಯಾಬಲ್ಲಿ ತೆಗೆದಾಗ ಲಾಗರ್ (ದಾರಿಯುದ್ದಕ್ಕೂ ಪೆಟ್ಟಿಗೆಯೊಳಗಿನ ಉಷ್ಣತೆ ದಾಖಲಿಸುವ ಯಂತ್ರ) 3 ಡಿಗ್ರಿ ತೋರಿಸಿತು. ನಮಗೆ ಬೇಕಾದದ್ದು 18ರಿಂದ 28. ಮುಂದಿನ ಸಲ ಐಸೇ ಬಿಟ್ಟೆ. ಬಸ್ಸಿನ ಡಿಕ್ಕಿಯಲ್ಲಿ 34 ದಾಟಿತು. ಬ್ಯಾಗ್ ಹೋದರೆ ನನಗೆ ದುಡ್ಡಿಲ್ಲ, ಗಾಡಿ ಖರ್ಚೂ ನನ್ನದೇ. ಹತ್ತಿರ ಹತ್ತಿರ 18 ಸಾವಿರ ಕೈಬಿಟ್ಟಿತು. ಅದಕ್ಕಿಂತ ಕಷ್ಟ, ಮಗುವಿನ ಅಪ್ಪನಿಗೆ ಫೋನ್ ಮಾಡಿ ಹೇಳೋದು. ಆ ರಕ್ತ ಮತ್ತೆ ಸಿಗಲ್ಲ ಅಲ್ವಾ?

ಕೊನೆಗೆ ಅದೇ ಪ್ಯಾಕ್‌ಗಳಿಗೆ ಬರೀ ನೀರು ತುಂಬಿ, 22 ಡಿಗ್ರಿ ಎಸಿ ರೂಮಿನಲ್ಲಿ ಒಂದು ದಿನ ಇಟ್ಟು, ದಪ್ಪ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಸುತ್ತ ಜೋಡಿಸಿದೆ. "ಇದರಿಂದ ಏನು ತಂಪಾಗುತ್ತೆ?" ಅಂತ ಸೀನಿಯರ್ ನಕ್ಕರು. ಬೆಳಗಿನವರೆಗೆ 28 ದಾಟದಿದ್ದರೆ ನನಗೆ ಸಾಕಿತ್ತು. ಎಸಿ ಬದಲು ಮಡಕೆ ನೀರಲ್ಲೂ ಪ್ಯಾಕ್ ಮುಳುಗಿಸಿ ನೋಡಿದೆ. 26ಕ್ಕಿಂತ ಕೆಳಗೆ ಬರಲೇ ಇಲ್ಲ. ಜೋಡಿಸುವ ಕ್ರಮ, ಬ್ಯಾಗಿಗೆ ಸುತ್ತುವ ಬಟ್ಟೆ ಎರಡನ್ನೂ ಇಲ್ಲಿ ಹೇಳಲ್ಲ. ಎರಡು ಬೇಸಿಗೆ ಕಳೆದು ಕಲಿತದ್ದು.

ಅಷ್ಟರಲ್ಲಿ ಬ್ಯಾಂಕ್ ಎಎಬಿಬಿ (ರಕ್ತ ಬ್ಯಾಂಕ್‌ಗಳ ಗುಣಮಟ್ಟ ನೋಡುವ ಅಮೆರಿಕದ ಸಂಸ್ಥೆ) ಮಾನ್ಯತೆಗೆ ಹೊರಟಿತು. ಪೆಟ್ಟಿಗೆ ಕೆಲಸ ಮಾಡುತ್ತೆ ಅಂದರೆ ಸಾಲದು, ಕಡು ಬೇಸಿಗೆಯಲ್ಲಿ ಸಾಲಾಗಿ ಮೂರು ಸಲ ಕಳಿಸಿ ತೋರಿಸಿ ಅಂದರು. ಬ್ಯಾಗಿಗೆ ರಕ್ತದ ಬದಲು ಸಲೈನ್ ತುಂಬಿ ರಾಯಚೂರಿನಿಂದ ಕಳಿಸಿದೆ. ಮೂರೂ ಪಾಸ್! ಆಮೇಲೆ ನೋಡಿದರೆ ಲಾಗರಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ (ಅಳತೆ ಸರಿಯಿದೆ ಅನ್ನೋ ಪತ್ರ) 11 ದಿನದ ಹಿಂದೆಯೇ ಮುಗಿದಿತ್ತು. ಎಲ್ಲಾ ರದ್ದು. ಸುಮಾರು 5 ಸಾವಿರ ಕೊಟ್ಟು ಬೇರೆ ಲಾಗರ್ ತಂದು, ಮತ್ತೆ ಮೂರು ಸಲ ಕಳಿಸಿದೆ. ಅತಿ ಹೆಚ್ಚು ಅಂದರೆ 26 ಚಿಲ್ಲರೆ.

ಒಂದು ಮಾತು. ಬಳ್ಳಿ ಕಟ್ಟುವ ಮುಂಚೆ ಡಾಕ್ಟರ್ ಒಂದು ನಿಮಿಷ ಕಾಯ್ತಾರೆ. ಅವಸರ ಮಾಡಬೇಡಿ. ಆ ರಕ್ತ ಮಗುವಿಗೆ ಸೇರಬೇಕಾದದ್ದು. ನಮಗೆ ಉಳಿದಷ್ಟೇ ಸಾಕು. ಕಡಿಮೆ ಬಂದರೂ ಬ್ಯಾಗ್ ಚೆನ್ನಾಗಿ ಅಲುಗಾಡಿಸಿ, ಇಲ್ಲದಿದ್ದರೆ ಗಡ್ಡೆ ಕಟ್ಟುತ್ತೆ.

ಹೋದ ತಿಂಗಳು ಸಿಂಧನೂರಿನಿಂದ ಒಂದು ಬ್ಯಾಗ್ ರಾತ್ರಿ ಬಸ್ಸಿಗೆ ಹಾಕಿದೆ, ಡಿಕ್ಕಿಯಲ್ಲೇ. ಬೆಳಗ್ಗೆ ಲ್ಯಾಬಿನಿಂದ ಗ್ರಾಫ್ ಬಂತು. 22ಕ್ಕೆ ಶುರು, 25ಕ್ಕೆ ನಿಂತಿದೆ. ಜೀವಂತ ಕೋಶ ಶೇ. 96. ಆ ಗ್ರಾಫನ್ನು ಮೊದಲು ಕಳಿಸಿದ್ದು ಆ ಸೀನಿಯರ್‌ಗೇ.