ಸೋರುವ ಸಿಗಾರ್ ಪೆಟ್ಟಿಗೆ, ಮಡಿಕೇರಿ ಮಳೆ

ಸಿಗಾರ್‌ಗೆ ಬೇಕಾದ ತೇವಾಂಶ ಶೇ. 65ರಿಂದ 70. ನಮ್ಮ ಮಡಿಕೇರಿಯಲ್ಲಿ ಜುಲೈ ಬಂತೆಂದರೆ ಹೊರಗಿನ ಗಾಳಿಯಲ್ಲೇ ಶೇ. 90ಕ್ಕಿಂತ ಜಾಸ್ತಿ ಇರುತ್ತದೆ. ಹಾಗಾಗಿ ಹ್ಯುಮಿಡೋರ್, ಅಂದರೆ ಸಿಗಾರ್ ಇಡುವ ಮರದ ಪೆಟ್ಟಿಗೆಯ ಮುಚ್ಚಳ ಬಿಗಿಯಾಗಿ ಕೂರದಿದ್ದರೆ ಮಳೆಗಾಲದಲ್ಲಿ ತೇವ ಒಳಗೆ ನುಗ್ಗುತ್ತದೆ, ಬೇಸಿಗೆಯಲ್ಲಿ ಒಳಗಿದ್ದದ್ದೂ ಹೊರಗೆ ಹೋಗುತ್ತದೆ. ಒಳಗೆ ತೇವ ಕೊಡುವ ಸ್ಪಂಜಿಗೆ ಎಷ್ಟು ನೀರು ಹಾಕಬೇಕು ಅನ್ನೋದಕ್ಕಿಂತ ಮೊದಲು ಸೋರಿಕೆ ಹುಡುಕಬೇಕು.

ಅದಕ್ಕೂ ಮುಂಚೆ ನಾನು ತೇವಾಂಶ ಅಳೆಯುವ ಮೀಟರ್ ನಂಬಬಹುದಾ ಅಂತ ನೋಡಿದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆ ಮರಳಿನಷ್ಟು ಹಸಿಯಾಗುವಂತೆ ಕೆಲವು ಹನಿ ನೀರು ಹಾಕಿದೆ. ಉಪ್ಪು ಕರಗಿಹೋಗಬಾರದು. ಅದನ್ನೂ ಮೀಟರನ್ನೂ ಜಿಪ್ ಕವರಿನಲ್ಲಿ ಹಾಕಿ ಒಂದು ದಿನ ಬಿಟ್ಟೆ. ಆಗ ಶೇ. 75 ತೋರಿಸಬೇಕು. ನನ್ನದು 71 ತೋರಿಸಿತು, ಅಂದಿನಿಂದ ನಾಲ್ಕು ಕೂಡಿಸಿ ಓದುತ್ತೇನೆ.

ರಾತ್ರಿ ದೀಪ ಆರಿಸಿ, ಪೆಟ್ಟಿಗೆಯೊಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಳ ಹಾಕಿದೆ. ಹಿಂದಿನ ಕೀಲಿನ ಹತ್ತಿರ ಕೂದಲೆಳೆಯಷ್ಟು ಬೆಳಕು. ಮುಂದಿನ ಮುಳ್ಳಿನ ಮೀಟರ್ ಕೂರಿಸಿದ ತೂತಿನ ಸುತ್ತ ಇನ್ನೂ ಜಾಸ್ತಿ. ತೂತಿನ ಅಂಚಿಗೆ ಹೊರಗಿನಿಂದ ಸಿಲಿಕೋನ್ ಹಚ್ಚಿ, ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಪೆಟ್ಟಿಗೆಯನ್ನು ಖಾಲಿ ಬಿಟ್ಟೆ. ಸಿಗಾರ್ ಯಾವ ವಾಸನೆಯನ್ನೂ ಬಿಡದೆ ಹೀರುತ್ತದೆ. ಕೀಲಿನ ಕಡೆಗೆ ತೆಳು ಫೋಮ್ ಟೇಪ್ ಸಾಕಾಯಿತು. ದಪ್ಪ ಟೇಪ್ ಹಾಕಿದರೆ ಮುಚ್ಚಳ ಎದುರುಗಡೆ ಏಳುತ್ತದೆ.

ಒಳಗಿನ ಸ್ಪ್ಯಾನಿಷ್ ಸೀಡರ್ ಹಲಗೆ ನಮ್ಮ ಗಂಧಗರಿಗೆ ಮರದ ಕುಟುಂಬದ್ದೇ. ತೇವ ಹೀರುತ್ತದೆ, ಬಿಡುತ್ತದೆ. ಅದನ್ನು ಒದ್ದೆ ಬಟ್ಟೆಯಿಂದ ಒರೆಸುವುದು ನನಗೆ ಇಷ್ಟವಿಲ್ಲ, ಹಲಗೆ ಉಬ್ಬಿ ಬಾಗಿದರೆ ಮತ್ತೆ ಸೋರಿಕೆ ಶುರು.

ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಗೆ ಇಷ್ಟೂ ಸಾಲದು. ಆಗ ಸಿಗಾರ್‌ಗಳನ್ನೆಲ್ಲ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, 25 ಸಿಗಾರ್‌ಗೆ ಒಂದು 60 ಗ್ರಾಂ ಲೆಕ್ಕದಲ್ಲಿ ಶೇ. 65ರ ಬೊವೆಡಾ ಪೊಟ್ಟಣ ಇಡುತ್ತೇನೆ. ಅದು ತೇವ ಕೊಡುತ್ತದೆ, ಹೀರಿಕೊಳ್ಳುತ್ತದೆ ಕೂಡ. ಸೋರುವ ಪೆಟ್ಟಿಗೆಯಲ್ಲಿಟ್ಟರೆ ಅದೇ ಪೊಟ್ಟಣ ಉಬ್ಬಿ ನೀರುನೀರಾಗುತ್ತದೆ. ಸಿಗಾರ್‌ಗಳನ್ನು ಬಟ್ಟೆ ಒಣಗಿಸಿದ ಹಾಗೆ ಒಲೆ ಪಕ್ಕ ಮಾತ್ರ ಇಡಬೇಡಿ, ಹೊಗೆ ಹಿಡಿದರೆ ಹೋಗುವುದಿಲ್ಲ.

ಮಳೆ ನಿಂತ ಮೇಲೆ ಮರದ ಪೆಟ್ಟಿಗೆಯಲ್ಲಿ ಮೀಟರ್ ಒಂದೆರಡು ವಾರ 70ರ ಕೆಳಗೇ ನಿಂತರೆ ಸಿಗಾರ್ ಅದಕ್ಕೆ ವಾಪಸ್. ಮಾರ್ಚ್‌ನಲ್ಲಿ ಪೊಟ್ಟಣ ಗಟ್ಟಿಯಾಗತೊಡಗಿದರೆ ಹೊಸದು ಹಾಕುತ್ತೇನೆ.