ಕೀಸುಳಿಗೆ ಒಗ್ಗುವ ಎತ್ತರ: ಕೆಲಸದ ಮೇಜನ್ನು ತಗ್ಗಿಸಿಕೊಂಡ ನನ್ನ ಅನುಭವ

ಮರಗೆಲಸಕ್ಕೆಂದು ನಾನು ಮೊದಲು ಮಾಡಿಕೊಂಡ ಮೇಜು 36 ಅಂಗುಲ ಎತ್ತರವಿತ್ತು. ವಿದ್ಯುತ್ ಯಂತ್ರಗಳನ್ನು ಬಳಸುವವರ ನಕ್ಷೆಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ ಅದು. ಯಂತ್ರವೇ ಮರವನ್ನು ಸವೆಸುವಾಗ ಬೆನ್ನು ಬಗ್ಗಿಸದೆ ನಿಲ್ಲಲು ಅನುಕೂಲವೂ ಹೌದು. ಆದರೆ ನನ್ನದು ಪೂರ್ತಿ ಕೈ ಉಪಕರಣಗಳ ಕೆಲಸ, ನನ್ನ ಎತ್ತರ 5 ಅಡಿ 6 ಅಂಗುಲ.

ಅಗಲವಾದ ಹಲಗೆಯೊಂದಕ್ಕೆ ಕೀಸುಳಿ ಹಾಕುವಾಗ ತೊಡಕು ಗೊತ್ತಾಯಿತು. ಹಲಗೆಯ ದಪ್ಪ ಒಂದೂವರೆ ಅಂಗುಲ, ಅದರ ಮೇಲೆ ಕೀಸುಳಿಯ ಹಿಡಿ. ಹೀಗಾಗಿ ನನ್ನ ಕೈ ಹೆಚ್ಚುಕಡಿಮೆ ಮೊಣಕೈಯ ಮಟ್ಟಕ್ಕೆ ಏರಿ, ಭುಜಗಳು ಮೇಲೆದ್ದು ನಿಂತಿದ್ದವು. ಈ ತುದಿಯಲ್ಲಿ ಸುರುಳಿಯಾಗಿ ಏಳುತ್ತಿದ್ದ ಸಿಪ್ಪೆ ಆ ತುದಿ ಹತ್ತಿರವಾದಂತೆ ತೆಳುವಾಗಿ, ತುಂಡುತುಂಡಾಗಿ, ಕೊನೆಗೆ ನಿಂತೇ ಹೋಗುತ್ತಿತ್ತು. ಅಲಗು ಮೊಂಡಾಗಿದೆಯೆಂದು ಎರಡು ಸಲ ಸಾಣೆ ಹಿಡಿದೆ, ಉಪಯೋಗವಾಗಲಿಲ್ಲ. ತೋಳು ಚಾಚಿದಷ್ಟೂ ಕೀಸುಳಿಯ ಮೇಲಿನ ಒತ್ತಡ ಕಡಿಮೆಯಾಗುತ್ತಿತ್ತು. ಮೇಜು ತಗ್ಗಾಗಿದ್ದಿದ್ದರೆ ಮೈಭಾರವೇ ಅದನ್ನು ಒತ್ತಿ ಹಿಡಿಯುತ್ತಿತ್ತು, ತಳ್ಳುವ ಬಲ ಕಾಲು ಮತ್ತು ಸೊಂಟದಿಂದ ಬರುತ್ತಿತ್ತು.

ತೋಳನ್ನು ಸಡಿಲವಾಗಿ ಇಳಿಬಿಟ್ಟು ನಿಂತಾಗ ಕಿರುಬೆರಳು ಅಂಗೈಗೆ ಕೂಡುವ ಗೆಣ್ಣಿನ ಮಟ್ಟಕ್ಕೆ ಮೇಜಿರಲಿ ಎನ್ನುವವರಿದ್ದಾರೆ, ಮಣಿಕಟ್ಟಿನ ಮಟ್ಟಕ್ಕಿರಲಿ ಎನ್ನುವವರೂ ಇದ್ದಾರೆ. ಕೆಲಸದ ವೇಳೆ ಹಾಕುವ ಚಪ್ಪಲಿಯಲ್ಲೇ ನಿಂತು ಅಳೆದಾಗ ನನಗೆ ಇವು ಇಪ್ಪತ್ತೊಂಬತ್ತೂವರೆ ಮತ್ತು 32 ಅಂಗುಲ ಬಂದವು. ಅಂತರ ಸಣ್ಣದಲ್ಲ. ಗರಗಸ ಹಿಡಿಯುವ ಮೊದಲು ಮೇಜನ್ನು ಹಾಗೇ ಬಿಟ್ಟು, ನಾನು ನಿಲ್ಲುವ ಜಾಗದಲ್ಲಿ ಒಂದೊಂದು ಅಂಗುಲ ದಪ್ಪದ ಅಗಲವಾದ ಹಲಗೆಗಳನ್ನು ಜರುಗದಂತೆ ಪೇರಿಸಿ, ಒಂದೊಂದು ಎತ್ತರದಲ್ಲೂ ಒಂದೊಂದು ದಿನ ಕೀಸುಳಿ ಹಾಕಿದೆ. ನಾಲ್ಕು ಹಲಗೆ ಇಟ್ಟಾಗ ಭುಜ ಇಳಿಯಿತು, ಆರಕ್ಕೆ ಸೊಂಟ ನೋಯತೊಡಗಿತು, ಐದರಲ್ಲಿ ಸಿಪ್ಪೆ ಹಲಗೆಯ ಕೊನೆಯವರೆಗೂ ಒಂದೇ ದಪ್ಪದಲ್ಲಿ ಬಂತು. ಹೀಗೆ 31 ಅಂಗುಲ ಎಂದು ತೀರ್ಮಾನಿಸಿದೆ. ನನ್ನ ಕೀಸುಳಿ ಕಬ್ಬಿಣದ್ದು. ಮರದ ಮೈಯ ಕೀಸುಳಿಯಲ್ಲಿ ಕೈ ಇನ್ನೂ ಮೇಲಿರುವುದರಿಂದ, ಅದನ್ನೇ ಹೆಚ್ಚು ಬಳಸುವವರಿಗೆ ಮತ್ತೊಂದು ಅಂಗುಲ ತಗ್ಗಿದ್ದರೂ ಹಿತವೇ.

ಕತ್ತರಿಸುವಾಗ ಮೇಜಿಗೆ ಬೆಣೆ ಕೊಟ್ಟು ಮಟ್ಟ ಮಾಡಿ, ಮರದ ತುಂಡಿನ ಮೇಲೆ ಪೆನ್ಸಿಲ್ ಇಟ್ಟು ನೆಲದಿಂದ ಒಂದೇ ಎತ್ತರದಲ್ಲಿ ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆದೆ. ಮೊದಲು ನಾಲ್ಕೂವರೆ ಅಂಗುಲ ಮಾತ್ರ ತೆಗೆದು, ಒಂದು ತಿಂಗಳು ಕೆಲಸ ಮಾಡಿದ ಮೇಲೆ ಉಳಿದ ಅರ್ಧ ಅಂಗುಲ ತೆಗೆದೆ.

ತಗ್ಗಿಸಿದ್ದರಿಂದ ಒಂದು ನಷ್ಟವಾದದ್ದು ನಿಜ. ಕೊಡತಿಯಿಂದ ಉಳಿ ಹೊಡೆಯಲು 31 ಅಂಗುಲ ಚೆನ್ನಾಗಿಯೇ ಇದೆ. ಆದರೆ ಸಣ್ಣ ಗರಗಸದಿಂದ ಜೋಡಣೆಯ ಗೆರೆ ಹಿಡಿದು ಕೊಯ್ಯುವಾಗ ಕಣ್ಣು ಗೆರೆಯ ಹತ್ತಿರವಿರಬೇಕು, ಅದಕ್ಕೆ ಬಹಳ ಬಗ್ಗಬೇಕಾಯಿತು. ಆ ಕೆಲಸಕ್ಕಾಗಿ 7 ಅಂಗುಲ ಎತ್ತರದ ಪುಟ್ಟ ಮೇಜೊಂದನ್ನು ಮಾಡಿ, ಬೇಕಾದಾಗ ದೊಡ್ಡದರ ಮೇಲೆ ಕ್ಲಾಂಪ್‌ನಿಂದ ಬಿಗಿಯುತ್ತೇನೆ. ಉದ್ದ ಹಲಗೆಗಳನ್ನು ಸೀಳುವುದು ಮಂಡಿಗಿಂತ ತುಸು ಕೆಳಗಿನ ಗಿಡ್ಡ ಸ್ಟೂಲಿನ ಮೇಲೆಯೇ.